ಹೊಲಿಗೆಯವಳ ಮರಿಮಗಳು

ಅದು 2003ನೇ ಇಸವಿ. ನನ್ನ ಗಂಡನಿಗೆ ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಯಲ್ಲಿ ಕೆಲಸ. ನಾವು ಅಲ್ಲಿನ ಹೆಡಿಂಗ್ಲೀ ಬಡಾವಣೆಯಲ್ಲಿದ್ದೆವು. ಪಕ್ಕದ ಮನೆಯ ಜೂಡಿತ್ ಯಹೂದಿ. "ನಾವು ದೇವರನ್ನು ನಂಬೋದಿಲ್ಲ. ಆದರೆ ನಮ್ಮ ಹಬ್ಬ, ಹಾಡು, ಅಡುಗೆ, ಹಿರಿಯರ ಕಥೆ ಯಾವುದನ್ನೂ ಬಿಟ್ಟುಕೊಡೋದಿಲ್ಲ" ಎಂದು ಮೊದಲ ದಿನವೇ ಹೇಳಿದ್ದಳು.

ಯಹೂದಿ ಮಕ್ಕಳಿಗೆ ಹದಿಮೂರು ತುಂಬಿದರೆ ದೊಡ್ಡ ಸಮಾರಂಭ. ಪ್ರಾರ್ಥನಾಮಂದಿರದಲ್ಲಿ ಧರ್ಮಗುರು ರಬ್ಬಿಯ ಮುಂದೆ, ಎಲ್ಲರೆದುರು ಧರ್ಮಗ್ರಂಥ ಓದಬೇಕು. ಜೂಡಿತ್ ಮಗಳು ಹಾನಾಳದ್ದು ಬೇರೆ ಥರ. ಬಾಡಿಗೆಯ ಹಾಲ್‌ನಲ್ಲಿ, ಗ್ರಂಥದ ಬದಲು, ತಾನು ಮೆಚ್ಚಿದ ಒಬ್ಬ ಯಹೂದಿಯ ಬಗ್ಗೆ ಅವಳು ಮಾತಾಡುವುದಿತ್ತು. ಯಾರ ಬಗ್ಗೆ ಎಂದು ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ. "ತಾತ ಬಂದೇ ಕೇಳಬೇಕು" ಎಂದಷ್ಟೇ ಹಟ.

ತಾತನದೂ ಹಟವೇ. ಜೂಡಿತ್ ಅಪ್ಪ ಮಹಾ ದೈವಭಕ್ತರು. "ರಬ್ಬಿ ಇಲ್ಲ, ಪ್ರಾರ್ಥನೆ ಇಲ್ಲ, ಅದೆಂಥ ಸಮಾರಂಭ? ನಾನು ಬರೋಲ್ಲ" ಎಂದುಬಿಟ್ಟಿದ್ದರು. ಸಮಾರಂಭದ ದಿನ, ಭಾನುವಾರ ಬೆಳಗ್ಗೆ, ಜೂಡಿತ್ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಾತನ ಮನೆಗೆ ಹೋಗಲು ಕಾರಿನ ಕೀ ತೆಗೆದುಕೊಂಡೆ.

"ಅವರ ಮನೆ ವಿಷಯಕ್ಕೆ ನೀನ್ಯಾಕೆ ತಲೆ ಹಾಕ್ತೀಯ? ಸುಮ್ನಿರು ಮಾರಾಯ್ತಿ" ಎಂದರು ನಮ್ಮೆಜಮಾನರು.

"ನೀವು ಸುಮ್ನಿರ್ರೀ!" ಎಂದು ಹೊರಟೇಬಿಟ್ಟೆ.

ಮುದುಕರು ಬಾಗಿಲಲ್ಲೇ ಕೇಳಿದರು: "ದೇವರೇ ಬೇಡ ಅಂದಮೇಲೆ ಅವಳು ಯಹೂದಿ ಹೇಗಾಗ್ತಾಳೆ?"

"ಅಂಕಲ್, ನಮ್ಮಪ್ಪ ದೇವಸ್ಥಾನದ ಮೆಟ್ಟಿಲು ಹತ್ತಿದವರಲ್ಲ. ಆದರೆ ಯುಗಾದಿ ದಿನ ಹೊಸ ಪಂಚೆ ಉಟ್ಟು ಎಲ್ಲರಿಗೂ ಬೇವು ಬೆಲ್ಲ ಹಂಚೋರು ಅವರೇ. ಅವರನ್ನ ನಮ್ಮೋರಲ್ಲ ಅನ್ನೋಕಾಗುತ್ತಾ? ನಿಮ್ಮ ಮೊಮ್ಮಗಳಿಗೆ ದೇವರು ಬೇಡ, ಸರಿ. ತಾತ ಬೇಕಲ್ಲ!"

ನನ್ನ ಬಾಯಿ ಜಾಸ್ತಿಯಾಯಿತೇನೋ ಎಂದು ಹೆದರಿದೆ. ಅವರು ಟೋಪಿ ಹಾಕಿಕೊಂಡು, "ಬಾಗಿಲ ಹತ್ತಿರ ಕೂತ್ಕೋತೀನಿ. ಸರಿಬರದಿದ್ದರೆ ಎದ್ದು ಬಂದುಬಿಡ್ತೀನಿ" ಎಂದರು.

ಹಾಲ್ ತುಂಬಿತ್ತು. ಹಾನಾ ಎದ್ದು ನಿಂತಳು. "ನಾನು ಮೆಚ್ಚಿದವರು ಇದೇ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಕೋಟುಗಳಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದವರು" ಎಂದು ಶುರುಮಾಡಿದಳು. ಒಂದಕ್ಷರ ಇಂಗ್ಲಿಷ್ ಬಾರದೆ ಆಕೆ ಈ ದೇಶಕ್ಕೆ ಹಡಗಿನಲ್ಲಿ ಬಂದಿದ್ದಳಂತೆ. ಒಮ್ಮೆ ಜೊತೆಯವಳೊಬ್ಬಳು ಕಾಯಿಲೆ ಬಿದ್ದಾಗ ಮಾಲೀಕ ಅವಳನ್ನು ಕೆಲಸದಿಂದ ತೆಗೆದುಹಾಕಿದ. ಆಕೆ ಸೂಜಿ ಕೆಳಗಿಟ್ಟಳು. ಆಕೆಯನ್ನು ನೋಡಿ ಇಡೀ ಸಾಲಿನ ಹೆಂಗಸರು ಸೂಜಿ ಇಟ್ಟರು. ಮಾಲೀಕ ಆ ಬಡವಿಯನ್ನು ವಾಪಸ್ ಕರೆಯುವವರೆಗೆ ಒಬ್ಬರೂ ಸೂಜಿ ಮುಟ್ಟಲಿಲ್ಲ.

"ಅವರು ನನ್ನ ಮುತ್ತಜ್ಜಿ" ಎಂದಳು ಹಾನಾ.

ಬಾಗಿಲ ಬಳಿ ಕುರ್ಚಿ ಸದ್ದಾಯಿತು. ಮುದುಕರು ಎದ್ದಿದ್ದರು. ಅಯ್ಯೋ, ಹೊರಟೇಬಿಟ್ಟರಲ್ಲ!

"ಅದು ನನ್ನಮ್ಮ!" ಎಂದು ಕೂಗಿದರು. "ಜೋರಾಗಿ ಹೇಳು ಮಗೂ, ಹಿಂದಿನವರಿಗೂ ಕೇಳಲಿ!"

ಎಲ್ಲರಿಗಿಂತ ಹಿಂದೆ ಕೂತಿದ್ದವರು ಅವರೇ! ಎಲ್ಲರೂ ನಕ್ಕರು, ಎಲ್ಲರ ಕಣ್ಣೂ ಒದ್ದೆಯಾಗಿತ್ತು. ಹಾನಾ ಮೊದಲಿನಿಂದ, ದೊಡ್ಡ ದನಿಯಲ್ಲಿ, ಇಡೀ ಕಥೆಯನ್ನು ಮತ್ತೆ ಹೇಳಿದಳು. ತಾತ ಕೂರಲೇ ಇಲ್ಲ.

ವಾಪಸ್ ಬರುವಾಗ ಕಾರಿನಲ್ಲಿ, "ಈ ಪದ್ಧತಿಯನ್ನು ನಾನು ಈಗಲೂ ಒಪ್ಪೋಲ್ಲ" ಎಂದರು. ಮರುಕ್ಷಣವೇ, "ನನ್ನ ಮೊಮ್ಮಗಳು ಹೇಗೆ ಮಾತಾಡಿದಳು, ಕೇಳಿದೆಯಲ್ಲ?"

ಹಾನಾ ನನ್ನ ಮಗಳಲ್ಲ, ಆ ಮುತ್ತಜ್ಜಿ ನಮ್ಮ ಮನೆಯವಳಲ್ಲ. ಆದರೂ ಅವತ್ತು ನನಗಾದ ಹೆಮ್ಮೆ ಇಷ್ಟಿಷ್ಟಲ್ಲ. ದೇವರ ವಿಷಯದಲ್ಲಿ ಆ ತಾತ ಮೊಮ್ಮಗಳು ಕೊನೆಯವರೆಗೂ ಒಂದಾಗಲಿಲ್ಲ. ಕಾಜ ಹೊಲಿಯುತ್ತಿದ್ದ ಆ ಅಮ್ಮನ ವಿಷಯದಲ್ಲಿ ಮತ್ತೆಂದೂ ಬೇರೆಯಾಗಲಿಲ್ಲ.