ಮೇಸ್ತ್ರಿ ಮುಚ್ಚಿದ ಸಂದು

ಊರಿನ ಅರ್ಧ ಗೋಡೆಗಳು ಮೇಸ್ತ್ರಿಯ ಕೈಯಲ್ಲೇ ಎದ್ದವು. ಹಳೇ ಪೇಟೆಯ ಓಣಿಗಳು ಒಂದರೊಳಗೊಂದು ತೂರಿಕೊಂಡು ಹೋಗುತ್ತಿದ್ದವು. ಎತ್ತ ತಿರುಗಿದರೂ ಬೇಕಾದ ಮನೆ ಸಿಗುತ್ತಿತ್ತು. ಆಮೇಲೆ ಊರಿಗೆ ಹೊಟ್ಟೆ ಬಂತು. ಸುತ್ತಲೂ ಬಡಾವಣೆಗಳೆದ್ದವು. ಒಂದೊಂದಕ್ಕೂ ಒಂದೇ ಗೇಟು. ಒಳಗಿನ ರಸ್ತೆಗಳೆಲ್ಲ ಹೋಗಿ ಗೋಡೆಗೆ ಮುಖ ಕೊಟ್ಟು ನಿಲ್ಲುವಂಥವು. ಆ ಗೋಡೆಗಳನ್ನೂ ಮೇಸ್ತ್ರಿಯೇ ಕಟ್ಟಿದ. ಅನ್ನ ಕೊಡುವ ಕೆಲಸದಲ್ಲಿ ಯಾರು ಕೊಂಕು ಹುಡುಕುತ್ತಾರೆ?

ಅವನ ಮನೆಯ ಹಿಂದಿನ ಬಡಾವಣೆಗೆ ಅಕ್ಕ ಬಂದು ಸೇರಿದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈಗ ಮಗಳು ಅಳಿಯನ ಜೊತೆ ಕೊನೆಯ ಸಾಲಿನ ಮನೆಯಲ್ಲಿದ್ದಳು. ಕಾಂಪೌಂಡ್ ಗೋಡೆಯಲ್ಲಿ ಸಾಮಾನು ಸಾಗಿಸಲು ಬಿಟ್ಟಿದ್ದ ಸಂದೊಂದು ಮುಚ್ಚದೇ ಉಳಿದಿತ್ತು. ಸಂಜೆ ಕಾಲಿನ ಸಿಮೆಂಟೂ ತೊಳೆಯದೆ ಅದರಲ್ಲಿ ತೂರಿ, ಅಕ್ಕನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನಾಲ್ಕು ಮಾತಾಡಿದರೇ ಅವನಿಗೆ ದಿನ ಮುಗಿಯುತ್ತಿದ್ದುದು.

ಒಂದು ದಿನ ಅಕ್ಕನ ಅಳಿಯ ಬಂದು ತಲೆ ಕೆರೆದುಕೊಂಡ.

"ಮಾವ, ಬಡಾವಣೆ ಸಂಘದವರು ಸಂದು ಮುಚ್ಚಿಸಿ ಅಂತಿದಾರೆ. ಕಂಡಕಂಡವರೆಲ್ಲ ನುಗ್ತಾರಂತೆ. ನೀವೇ ಕಟ್ಟಿಕೊಟ್ಟುಬಿಡಿ."

"ಆ ಕಂಡಕಂಡವರಲ್ಲಿ ನಾನೂ ಒಬ್ಬ ಕಣಪ್ಪ" ಎಂದು ಮೇಸ್ತ್ರಿ ನಕ್ಕ. ಅಳಿಯ ನಗಲಿಲ್ಲ. ಅಕ್ಕ ಇರುವುದು ಅವನ ಮನೆಯಲ್ಲಿ. ಅವನ ಮಾತು ತೆಗೆದುಹಾಕುವುದು ಹೇಗೆ? ಮೇಸ್ತ್ರಿ ಒಪ್ಪಿಕೊಂಡ.

ಕಟ್ಟುವಾಗ ಅಕ್ಕ ಆಚೆ ಬದಿಗೆ ಸ್ಟೂಲು ಹಾಕಿಕೊಂಡು ಕೂತಳು. "ಸೊಟ್ಟಗೆ ಕಟ್ಟಬೇಡವೋ, ದಿನಾ ನೋಡೋಳು ನಾನು" ಎಂದು ಕಾಲೆಳೆದಳು. ಗೋಡೆ ಅವಳ ತಲೆ ಮುಚ್ಚಿದ ಮೇಲೆ ಇಬ್ಬರ ಮಾತೂ ನಿಂತಿತು. ಮೇಸ್ತ್ರಿಯ ಕೈ ಮಾತ್ರ ಕೊನೆಯ ಸಾಲಿನ ತನಕ ರೂಢಿಯಂತೆ ಗಾರೆ ಮೆತ್ತುತ್ತಲೇ ಇತ್ತು.

ಮರುದಿನ ಸಂಜೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಓಣಿ ದಾಟಿ, ಹೆದ್ದಾರಿ ಹಿಡಿದು, ಬಡಾವಣೆಯನ್ನು ಪೂರಾ ಸುತ್ತಿ ಗೇಟು ಮುಟ್ಟುವಷ್ಟರಲ್ಲಿ ಕಾಲು ಸೋತಿತ್ತು.

"ಯಾವ ನಂಬರ್ ಮನೆ?" ಎಂದ ಕಾವಲುಗಾರ.

ಮೇಸ್ತ್ರಿ ತಬ್ಬಿಬ್ಬಾದ. ಹಿಂದಿನಿಂದಲೇ ಹೋಗಿ ಬರುತ್ತಿದ್ದವನಿಗೆ ನಂಬರಿನ ಗೊಡವೆ ಯಾಕಿತ್ತು? ಹೇಗೋ ಒಳಗೆ ಬಿಟ್ಟರು. ಮುಂದಿನಿಂದ ನೋಡಿದರೆ ಮನೆಗಳೆಲ್ಲ ಒಂದೇ ಥರ. ಎರಡು ಕಡೆ ತಪ್ಪು ಬಾಗಿಲು ತಟ್ಟಿದ ಮೇಲೆ ಮೂರನೆಯದರಲ್ಲಿ ಅಕ್ಕ ಸಿಕ್ಕಳು.

ಅವಳು ಕುರ್ಚಿ ಒರೆಸಿ ಹಾಕಿದಳು. ಇಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತು, ಯೋಗಕ್ಷೇಮ ಮಾತಾಡಿದರು. ಕತ್ತಲಾಗುತ್ತದೆಂದು ಅವನು ಬೇಗ ಎದ್ದ. ಬಾಗಿಲ ತನಕ ಬಂದ ಅಕ್ಕ ಮೆಲ್ಲಗೆ ಕೇಳಿದಳು, "ಇನ್ಯಾವಾಗ ಬರ್ತೀಯೋ?"

ಈ ಮನೆಗೆ ಬಂದಾಗಿನಿಂದ ಅವಳು ಅವನನ್ನು ಹಾಗೆ ಕೇಳಿರಲಿಲ್ಲ.