ಕೊಟ್ರಮ್ಮನ ಎಡ ಅಂಗೈ

ಕೊಟ್ರಮ್ಮನಿಗೆ ಲಕ್ವ ಹೊಡೆದಾಗ ನೋಡಲು ಬಂದವರೆಲ್ಲ ಬ್ರೆಡ್ಡು, ಮೋಸಂಬಿಯ ಜೊತೆಗೆ ಒಂದೇ ಮಾತನ್ನೂ ಹಿಡಿದು ಬಂದರು. "ಪುಣ್ಯಾ ಮಾಡೀಯವ್ವ, ಹೋಗಿದ್ದು ಎಡಗೈ." ಬಲಗೈ ಹೋಗಿದ್ದರೆ ಉಣ್ಣುವುದು ಹೇಗಿತ್ತು, ರೊಟ್ಟಿ ಮುರಿಯುವುದು ಹೇಗಿತ್ತು ಎಂದು ತಾವೇ ಕೇಳಿಕೊಂಡು ತಾವೇ ಸಮಾಧಾನಪಟ್ಟುಕೊಂಡರು. ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ಕೊಟ್ರಮ್ಮನ ಬಾಯಿ ಇನ್ನೂ ಸೊಟ್ಟಗಿತ್ತು, ಮಾತು ತೊದಲುತ್ತಿತ್ತು. ಆದರೂ ಓಣಿಯ ಹೆಂಗಸೊಬ್ಬಳಿಗೆ ಅಂದೇಬಿಟ್ಟಳು: "ಹಂಗಾರ ನಿನ್ ಎಡಗೈ ಕಡದು ನನಗ ಕೊಟ್ಟು ಹೋಗು. ನಿನಗ್ಯಾಕ ಅದು?"

ನಾನು ಶೀಲಾ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೊಟ್ರಮ್ಮನ ಮನೆಯ ಮೇಲಿನ ಮನೆ ನಮ್ಮದು. ಇಬ್ಬರೂ ಒಂದೇ ಜೀನ್ಸ್ ಯೂನಿಟ್ಟಿನಲ್ಲಿ ದುಡಿದವರು. ಅವಳು ಮೆಷಿನ್ ಮೇಲೆ, ನಾನು ಚೆಕಿಂಗ್ ಟೇಬಲ್ಲಿನಲ್ಲಿ. ಹೊಲಿಗೆ ಬಿಟ್ಟ ಪ್ಯಾಂಟುಗಳನ್ನು ಹುಡುಕಿ ವಾಪಸ್ಸು ಎಸೆಯುವುದು ನನ್ನ ಕೆಲಸ. ಆ ಚಟ ಮನೆಗೂ ಬಂದಿದೆ. ತಪ್ಪು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಕೊಟ್ರಮ್ಮ ಹುಟ್ಟಿದ್ದು ಸಿರುಗುಪ್ಪ ಕಡೆಯ ದೇಶನೂರಿನಲ್ಲಿ, ಭತ್ತದ ಗದ್ದೆಯ ಮನೆತನದಲ್ಲಿ. ಕೊಟ್ಟಿದ್ದು ಕುರುಗೋಡಿಗೆ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಅಣ್ಣ ಕೊಟ್ಟೂರಪ್ಪ ಆ ಮನೆಯಲ್ಲಿ ಅವಳಿಗೆ ಬಿಟ್ಟುಕೊಟ್ಟಿದ್ದು ಅಡುಗೆಮನೆಯೊಂದನ್ನೇ, ಅದೂ ಎಲ್ಲರಿಗೂ ಬೇಯಿಸಿ ಹಾಕಲಿ ಎಂದು. ವಯಸ್ಸಿನಲ್ಲಿ ಹಿರಿಯ, 'ಅವರು' ಎಂದು ಬರೆಯಬೇಕು, ನನ್ನಿಂದಾಗದು; 'ಅವನು' ಎಂದೇ ಬರೆಯುತ್ತೇನೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಕೊಟ್ರಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಳ್ಳಾರಿಯ ಬಸ್ಸು ಹತ್ತಿದಳು. ಮತ್ತೆ ಆ ಹಂಚಿನ ಮುಂದೆ ಕೂರಲಿಲ್ಲ.

ಯೂನಿಟ್ಟಿನಲ್ಲಿ ಅವಳು ಕೆಲಸ ಕಲಿಸಿದವರಲ್ಲಿ ಅವಳ ಬೈಗುಳ ತಡೆದುಕೊಂಡು ಉಳಿದವಳು ಸುಲ್ತಾನಾ ಒಬ್ಬಳೇ. ಪಕ್ಕದ ಗಲ್ಲಿಯವಳು. ಕೆಲಸಕ್ಕೆ ಒಟ್ಟಿಗೆ ಹೋಗಲೆಂದು ಬೆಳಿಗ್ಗೆ ಬೇಗ ಬಂದು ಕೊಟ್ರಮ್ಮನ ಬಾಗಿಲ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಒಳಗೆ ಕೊಟ್ರಮ್ಮನ ಪೂಜೆ. ಪೂಜೆಯ ಹೊತ್ತಿಗೆ ಒಳಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ.

ಕೊಟ್ರಮ್ಮ ಕೊರಳಲ್ಲಿ ಲಿಂಗ ಕಟ್ಟಿದವಳು. ಆ ಪೂಜೆಗೆ ಗುಡಿ ಬೇಡ, ಮಂಟಪ ಬೇಡ, ಎಡ ಅಂಗೈ ಬೇಕು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ನೆಲ್ಲಿಕಾಯಿ ಗಾತ್ರದ ಲಿಂಗ ತೆಗೆದು ಬಿಚ್ಚಿದ ಎಡ ಅಂಗೈಯ ಮೇಲೆ ಇಟ್ಟುಕೊಳ್ಳಬೇಕು. ನೀರು, ವಿಭೂತಿ, ಪತ್ರಿ ಏರಿಸುವುದು ಬಲಗೈಯ ಕೆಲಸ. ಲಿಂಗ ಕೂರುವ ಪೀಠ ಎಡಗೈ. ಹುಡುಗಿಯಾಗಿದ್ದಾಗಿನಿಂದ ಅದಾಗದೆ ಅವಳು ಬಾಯಿಗೆ ಚಹಾ ಕೂಡ ಹಾಕಿದವಳಲ್ಲ. ಆರ್ಡರಿನ ಅವಸರಕ್ಕೆ ಯೂನಿಟ್ಟಿನ ಮಾಲೀಕನೇ ಬಂದು ಬಾಗಿಲಲ್ಲಿ ಕೂಗಿದರೂ ಅವಳ ಕಣ್ಣು ಅಂಗೈ ಬಿಟ್ಟು ಏಳುತ್ತಿರಲಿಲ್ಲ.

ಈಗ ಆ ಕೈಯ ಬೆರಳುಗಳು ಒಳಕ್ಕೆ ಮಡಚಿ, ಹೆಬ್ಬೆರಳು ಅವುಗಳೊಳಗೆ ಸಿಕ್ಕಿ, ಕೈ ಗಟ್ಟಿ ಮುಷ್ಟಿಯಾಗಿ ಕೂತಿತ್ತು. ಪುಣ್ಯ ಮಾಡಿದ್ದಾಳಂತೆ!

ಕುರುಗೋಡಿನಿಂದ ಕೊಟ್ಟೂರಪ್ಪನೂ ನೋಡಲು ಬಂದ. ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಅಪ್ಪಣೆ ಕೊಡಿಸಿದ: "ತಟ್ಟಿಯಾಗ ಇಟ್ಟು ಎಲ್ಡು ಪತ್ರಿ ಏರ್ಸವ್ವ. ಇಲ್ಲಾಂದ್ರ ಬಲಗೈಯಾಗ ಇಟ್ಕೋ. ದೇವರಿಗೆ ಎಲ್ಲಾ ಒಂದ."

"ಭಾವಾರ, ನಾಳಿಂದ ನೀವು ಎಡಗೈಲೆ ಉಣ್ರಿ," ಎಂದಳು ಕೊಟ್ರಮ್ಮ. "ಹೊಟ್ಟಿಗೆ ಎಲ್ಲಾ ಒಂದ."

ಅವನು ಚಹಾ ಕುಡಿಯದೆ ಎದ್ದುಹೋದ. ಕೊಟ್ರಮ್ಮ ಮಾತ್ರ ಕುಡಿಯಬೇಕಾಗಿತ್ತು, ಬರಿಹೊಟ್ಟೆಯಲ್ಲಿ ಮಾತ್ರೆ ನುಂಗುವಂತಿರಲಿಲ್ಲ. ದಿನಾ ಬೆಳಿಗ್ಗೆ ಮುಚ್ಚಿದ ಕರಡಿಗೆಯನ್ನು ಬಲಗೈಯಿಂದ ಮುಟ್ಟಿ ಹಣೆಗೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ಚಹಾ ಕುಡಿಯುತ್ತಿದ್ದಳು. "ಕದ್ದು ಕುಡದಂಗ ಆಗ್ತೈತಿ ಶೀಲಾ," ಎಂದು ಒಮ್ಮೆ ಅಂದಳು. ಅವಳು ಅತ್ತದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ನನಗೆ ಯಾರನ್ನು ಹಿಡಿದು ಬಡಿಯಬೇಕೋ ತಿಳಿಯಲಿಲ್ಲ.

ಪಾರ್ವತಿನಗರದ ಒಂದು ಕ್ಲಿನಿಕ್ಕಿನಲ್ಲಿ ರಶ್ಮಿ ಎಂಬ ಹುಡುಗಿ ಅವಳಿಗೆ ಫಿಜಿಯೋಥೆರಪಿ ಮಾಡಿಸುತ್ತಿದ್ದಳು. ಎಳೆದುಕೊಂಡು ಹೋಗುತ್ತಿದ್ದ ಕಾಲಿಗೆ ನಡಿಗೆ ಬರಿಸಿದ್ದು ಅವಳೇ. ಕೈಗೆ ಸ್ಪಂಜಿನ ಚೆಂಡು ಕೊಟ್ಟು, ಮೆಲ್ಲಗೆ ಹಿಸುಕಿ ಬಿಡಬೇಕು, ಬಿಡುವುದೇ ಮುಖ್ಯ ಎಂದಿದ್ದಳು. ಕೊಟ್ರಮ್ಮ ಹಿಸುಕುವುದನ್ನಷ್ಟೇ ಕೇಳಿಸಿಕೊಂಡಳು. ಬೈಯಬೇಕಾದವರನ್ನೆಲ್ಲ ಆ ಚೆಂಡಿನೊಳಗೆ ಹಾಕಿ ಹಿಸುಕಿದಳು. ಸಾಲದ್ದಕ್ಕೆ ಅಂಗಡಿಯವನ ಮಾತು ಕೇಳಿ ನಾನೊಂದು ಗುಲಾಬಿ ಬಣ್ಣದ ಡಂಬೆಲ್ ತಂದುಕೊಟ್ಟೆ. ಹಿಡಿಯಲು ಬಾರದವರಿಗೆ ಹಿಡಿಕೆ ಇರುವ ವಸ್ತು ಮಾರುವ ಜಾಣ ಅವನು! ಕೊಟ್ರಮ್ಮ ಅದನ್ನು ಮುಷ್ಟಿಯೊಳಗೆ ತುರುಕಿ, ಮೇಲೆ ಬಟ್ಟೆ ಸುತ್ತಿ ಎತ್ತಿದಳು. ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಒಂದು ದಿನ ಬಟ್ಟೆ ಬಿಚ್ಚಿ ಡಂಬೆಲನ್ನು ಬೀಸಿ ಒಗೆದಳು. ನೆಲದ ಕಡಪಾ ಕಲ್ಲು ಸೀಳಿತು.

ಮರುದಿನ ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋದೆ. ರಶ್ಮಿ ಕೈ ಹಿಡಿದು ನೋಡಿ, "ಎಡಗೈಯಾಗ ಚೀಲ ಹಿಡಿಯೋವಷ್ಟು ಬಲ ಬಂದ್ರ ಸಾಕಲ್ರಿ ಅಮ್ಮ?" ಎಂದಳು.

ಕೊಟ್ರಮ್ಮ ಸೆರಗಿನೊಳಗಿಂದ ಕರಡಿಗೆ ಎಳೆದು ಅವಳ ಮುಖದ ಮುಂದೆ ಹಿಡಿದಳು. "ಚೀಲ ಹಿಡಿಯಾಕ ನನಗ ಬಲಗೈ ಐತಿ. ಇದು ಎಲ್ಲಿ ಕುಂದರಬೇಕು? ಈ ಮುಷ್ಟಿ ಮ್ಯಾಲೆ ಕುಂದರ್ಸಲೇನು?"

ರಶ್ಮಿಗೂ ಸಿಟ್ಟು ಬಂತು, ನ್ಯಾಯವಾದ ಸಿಟ್ಟು. "ಇಷ್ಟು ದಿನ ಯಾಕ ಹೇಳ್ಲಿಲ್ರಿ? ನಾ ಕೇಳಿದಾಗೆಲ್ಲ 'ಕೈ ಸರಿ ಆಗಬೇಕು' ಅಂತ ಒಂದ ಮಾತು. ಸರಿ ಅಂದ್ರ ಏನಂತ ನನಗ ಕನಸು ಬೀಳಬೇಕೇನು?" ಚೆಂಡನ್ನು ಕಸಿದು ಡ್ರಾಯರಿನಲ್ಲಿ ಹಾಕಿದಳು. ಮೇಜಿನ ಮೇಲೆ ಟವೆಲ್ ಹಾಸಿ, ಮೊಣಕೈ ಊರಿಸಿ, ಕೈಯನ್ನು ಅಂಗಾತ ಮಾಡಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯ ಮೇಲೆ ತನ್ನ ಮೊಬೈಲು ಇಟ್ಟಳು. "ಹಿಂಗ. ತೂಕ ಮ್ಯಾಲೆ ಕುಂದರಬೇಕು. ಹಗುರ ಇರಬೇಕು. ಬೆರಳು ಮಡಚಾಕ ಬಿಡಬಾರ್ದು. ಅಂಗಡ್ಯಾಗ ನಾ ನೋಡಿದ್ದೆಲ್ಲಾ ಮುಷ್ಟ್ಯಾಗ ಹಿಡಿಯೋವ. ನೀವು ಹೊಲಿಯೋ ಮಂದಿ ಅಲ್ಲೇನ್ರಿ? ಹೊಲ್ಕೊಂಡು ಬರ್ರಿ."

ಹೊಲಿಯುವ ಕೈ ಸುಲ್ತಾನಾಳದು, ಬೈಯುವ ಬಾಯಿ ಕೊಟ್ರಮ್ಮನದು. ಅಂಗೈಯ ಮೇಲೆ ಕೂರಿಸಲು ಹೊಲಿದ ಮೊದಲ ಪುಟ್ಟ ಚೀಲಕ್ಕೆ ಸುಲ್ತಾನಾ ಕಬ್ಬಿಣದ ಅದಿರಿನ ಪುಡಿ ತುಂಬಿದಳು. ಲಾರಿಗಳಿಂದ ಉದುರಿ ರಸ್ತೆಯ ಬದಿಯಲ್ಲಿ ಬಿದ್ದದ್ದು, ಸ್ವಲ್ಪಕ್ಕೇ ಒಳ್ಳೆಯ ತೂಕ. ಆದರೆ ಜೀನ್ಸ್ ಹೊಲಿಯುವ ಸೂಜಿಯ ತೂತು ದೊಡ್ಡದು. ಪುಡಿ ಸೋರಿ, ಬೆವರಿಗೆ ಕಲಸಿ, ಕೊಟ್ರಮ್ಮನ ಮೊಣಕೈವರೆಗೂ ಕೆಂಪಗೆ ಇಳಿಯಿತು. ಬಾಗಿಲಲ್ಲಿ ಇಣುಕಿದ ಓಣಿಯವಳು ರಕ್ತ ರಕ್ತ ಎಂದು ಚೀರಿ ಮಂದಿ ಸೇರಿಸಿದಳು.

"ಲೇ, ನಾ ನಿನಗ ಕಲ್ಸಿದ್ದು ಇದನ್ನೇನು?" ಎಂದು ಕೊಟ್ರಮ್ಮ ಗುಡುಗಿದಳು.

"ದಪ್ಪ ಸೂಜಿ ಹಾಕು ಅಂದಾಕಿ ನೀನ ಅಲ್ಲೇನಕ್ಕ!" ಸುಲ್ತಾನಾಳೂ ದನಿ ಏರಿಸಿದಳು. "ಸಾಕು, ನಾಳಿಂದ ನಾ ಬರಂಗಿಲ್ಲ."

ಮರುದಿನ ಬಂದಳು. ಅವಳ ಹಿಂದೆಯೇ ನಾನೂ ಹೋದೆ, ಯೂನಿಟ್ಟಿನಲ್ಲಿ ಗುಡಿಸಿ ಎಸೆಯುವ ಪ್ಯಾಂಟಿನ ಗುಂಡಿಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು. ಬಣ್ಣ ಹಾರಿದವು, ಅಚ್ಚು ತಪ್ಪಿದವು. ಆದರೂ ಲೋಹದ ಗುಂಡಿ. ತೂಕ ಇದೆ, ಸೋರುವುದಿಲ್ಲ, ತೊಳೆದರೆ ಹೊಳೆಯುತ್ತದೆ. ಜೀನ್ಸ್ ಪ್ಯಾಂಟಿನ ಬಲಜೇಬಿನೊಳಗೆ ಇನ್ನೊಂದು ಪುಟ್ಟ ಜೇಬು ಇರುತ್ತದಲ್ಲ, ಕೊಟ್ರಮ್ಮ ಅಂಥದನ್ನೇ ಕೈಗೆ ಕಟ್ಟುವ ಬಟ್ಟೆಯ ಮೇಲೆ, ಅಂಗೈಯ ನಡುವಿಗೆ ಬರುವಂತೆ ಹೊಲಿಸಿದಳು. ಗುಂಡಿ ತುಂಬಿದ ಸಣ್ಣ ಗಂಟು ಅದರೊಳಗೆ ಕೂರಬೇಕು; ಹೆಚ್ಚು ಬೇಕಾದರೆ ಇನ್ನೊಂದು ಸೇರಿಸಬೇಕು, ಭಾರವಾದರೆ ತೆಗೆಯಬೇಕು. ಬೆರಳುಗಳು ಮಡಚದಂತೆ ಮಾಡಿದ್ದು ಸುಲ್ತಾನಾಳ ತಲೆ: ಬೆಲ್ಟು ತೂರಿಸುವ ಲೂಪುಗಳನ್ನು ಬೆರಳಿಗೊಂದರಂತೆ ಕೂರಿಸಿ, ಕೆಳಗೆ ಸೊಂಟಪಟ್ಟಿಯ ದಪ್ಪ ಬಟ್ಟೆ ಕೊಟ್ಟಳು. ಬೆರಳು ತೂರಿಸಿದರೆ ಕೈ ತಾನಾಗಿ ಬಿಚ್ಚಿಕೊಂಡು ನಿಲ್ಲುತ್ತಿತ್ತು.

ಚೆಂದವಾಗಿತ್ತು. ಕೊಟ್ರಮ್ಮ ಅದನ್ನೂ ಕಿತ್ತೆಸೆದಳು. ಮಣಿಕಟ್ಟಿನ ಪಟ್ಟಿ ಬಿಗಿಯಲು ಇನ್ನೊಬ್ಬರು ಬೇಕಾಗಿತ್ತು. "ದಿನಾ ನಿನ್ನ ದಾರಿ ಕಾಯ್ಕೊಂತ ಕುಂದರ್ಲೇನು? ನಾ ಒಬ್ಬಾಕಿನ ಹಾಕ್ಕೊಳ್ಳಂಗ ಇರಬೇಕು, ಒಬ್ಬಾಕಿನ ಬಿಚ್ಚಂಗ ಇರಬೇಕು." ಸುಲ್ತಾನಾ ಹಲ್ಲು ಕಚ್ಚಿಕೊಂಡು ಹೊಲಿಗೆ ಬಿಚ್ಚಿದಳು. ಪಟ್ಟಿಗೆ ಉಂಗುರ ಹಾಕಿ, ಅದರೊಳಗಿಂದ ತೂರಿಸಿ, ಬಲಗೈಯಿಂದ ಒಂದೇ ಸಲ ಎಳೆದು ವೆಲ್ಕ್ರೋಗೆ ಒತ್ತುವಂತೆ ಮಾಡಿದಳು. ಆಮೇಲೆ ತಿಳಿಯಿತು, ಅದನ್ನೇ ತಿರುಗಿಸಿ ಕೈಯ ಮೇಲ್ಭಾಗಕ್ಕೂ ಹಾಕಬಹುದು, ಪಟ್ಟಿ ಸಡಿಲಿಸಿ ಕಾಲಗಿಣ್ಣಿಗೂ ಕಟ್ಟಬಹುದು.

ಕೊಟ್ರಮ್ಮನ ಸಿಟ್ಟು ಮತ್ತೊಂದು ಯಡವಟ್ಟು ಮಾಡಿಸಿತು. ಬೇಗ ಬಲ ಬರಲಿ ಎಂದು ಗಂಟಿನ ಮೇಲೆ ಗಂಟು ತುಂಬಿ ಕೂತಳು. ಮಣಿಕಟ್ಟು ಊದಿತು, ಭುಜ ಹಿಡಿದುಕೊಂಡಿತು. ರಶ್ಮಿ ಕ್ಲಿನಿಕ್ಕಿನ ಮಂದಿಯೆಲ್ಲ ತಿರುಗಿ ನೋಡುವಂತೆ ಬೈದಳು. "ನೀವೇನು ಗರಡಿ ಮನಿಗೆ ಹೋಗೋರೇನ್ರಿ? ಲಿಂಗ ಎಷ್ಟು ತೂಕ ಐತಿ? ಅಷ್ಟ ಸಾಕು. ಕೈಗೆ ಬೇಕಾಗಿದ್ದು ಭಾರ ಅಲ್ಲ, ಬಿಚ್ಚಿಕೊಂಡು ನಿಲ್ಲೋದು." ಊತ ಇಳಿಯುವವರೆಗೆ ಆ ಕೈಗೆ ಏನನ್ನೂ ಕಟ್ಟಬಾರದು ಎಂದು ಹೇಳಿ, ಮುಕ್ಕಾಲು ಗುಂಡಿಗಳನ್ನು ತನ್ನ ಬಳಿಯೇ ಸುರಿದುಕೊಂಡಳು. ಕೊಟ್ರಮ್ಮ ತಿರುಗಿ ಬೈಯಲಿಲ್ಲ. ಅವಳ ಜನ್ಮದಲ್ಲಿ ಅದು ಅಪರೂಪ.

ಕ್ಲಿನಿಕ್ಕಿನಲ್ಲಿ ಕಂಡವರು ನಮಗೂ ಒಂದು ಬೇಕು ಎಂದರು. ಬೆರಳು ಜಜ್ಜಿಹೋದ ಆಟೋದವನು, ಮಂಡಿನೋವಿನ ಮುದುಕಿ. ಸುಲ್ತಾನಾ ಒಬ್ಬೊಬ್ಬರ ಅಳತೆ ತೆಗೆದು ಹೊಲಿದುಕೊಟ್ಟಳು. ಜಿಮ್ ಸಾಮಾನು ಮಾರುವವನೊಬ್ಬ ಬಂದು, ಹಿಡಿಕೆ ಹಚ್ಚಿಕೊಡಿ, ಚೆನ್ನಾಗಿ ಓಡುತ್ತದೆ ಎಂದ. "ಹಿಡಿಕಿ ನಿನ್ನ ಬಾಯಿಗೆ ಹಚ್ತೀನಿ," ಎಂದು ಕೊಟ್ರಮ್ಮ ಅವನನ್ನು ಅಟ್ಟಿದಳು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಊತ ಇಳಿದು, ತಿಂಗಳುಗಳು ಉರುಳಿದ ಮೇಲೆ ಬೆರಳುಗಳು ಲೂಪಿಲ್ಲದೆಯೂ ಬಿಚ್ಚಿಕೊಂಡು ನಿಂತವು. ಆಮೇಲೆ ಬರಿ ಅಂಗೈಯ ಮೇಲೆ ನಿಂಬೆಹಣ್ಣು ಇಟ್ಟು ಅಭ್ಯಾಸ. ಸುಲ್ತಾನಾ ಎದುರಿಗೆ ಕೂತು, ಆ ಕೈ ನಡುಗತೊಡಗಿದರೆ ತನ್ನ ಅಂಗೈಯನ್ನು ಅದರ ಕೆಳಗೆ ಒಡ್ಡುತ್ತಿದ್ದಳು. ನಿಂಬೆಹಣ್ಣು ಉರುಳಿ ಮಂಚದ ಕೆಳಗೆ ಹೋದರೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ನಾನು ಪತ್ರಿ ತಂದುಕೊಡಲು ಇಳಿದೆ. ಕೊಟ್ರಮ್ಮ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಸುಲ್ತಾನಾ. ಕೊಟ್ರಮ್ಮನ ಕೈ ಕರಡಿಗೆಗೆ ಹೋದದ್ದೇ ಸುಲ್ತಾನಾ ಎದ್ದು ಕಟ್ಟೆಯ ಕಡೆ ಹೊರಟಳು.

"ಎಲ್ಲಿಗೆ?" ಎಂದಳು ಕೊಟ್ರಮ್ಮ, ತಲೆ ಎತ್ತದೆ. "ಕುಂದ್ರು."

ಲಿಂಗ ಅಂಗೈಗೆ ಬಂತು. ಕೈ ಲಕ್ವ ಹೊಡೆಯುವ ಮೊದಲಿನ ಹಾಗೆ ಹಲಗೆಯಂತೆ ಚಪ್ಪಟೆಯಾಗಿರಲಿಲ್ಲ, ಬೆರಳ ತುದಿಗಳು ಸ್ವಲ್ಪ ಬಾಗಿಯೇ ಇದ್ದವು. ಆದರೆ ಲಿಂಗ ಕೂತಿತು. ನೀರು ಬಿಟ್ಟಳು. ವಿಭೂತಿ ಏರಿಸಿದಳು.

ಅದೇ ಹೊತ್ತಿಗೆ ಕೊಟ್ಟೂರಪ್ಪ ಬಾಗಿಲಲ್ಲಿ ನಿಂತ, ಮೊಮ್ಮಗನ ಮದುವೆಯ ಕಾರ್ಡು ಹಿಡಿದುಕೊಂಡು. ಯಾರೂ ಅವನ ಕಡೆ ನೋಡಲಿಲ್ಲ. ಕೊಟ್ರಮ್ಮ ಪತ್ರಿ ಎತ್ತಿಕೊಂಡಳು. ಅಷ್ಟರಲ್ಲಿ ಎಡಗೈ ನಡುಗತೊಡಗಿತು. ಅಭ್ಯಾಸಬಲದಿಂದ ಸುಲ್ತಾನಾಳ ಅಂಗೈ ಅದರ ಕೆಳಗೆ ಹೋಗಿ ಆನಿಕೊಂಡಿತು.

"ಏ! ಏ! ಆಕಿ ಕೈ ತಗಸು ಮೊದ್ಲು!" ಕೊಟ್ಟೂರಪ್ಪ ಚೀರಿದ. "ಪೂಜಿ ಮಾಡಾಕತ್ತೀಯೋ ಮೈಲಿಗಿ ಮಾಡಾಕತ್ತೀಯೋ? ಆಕಿ ಯಾರು, ನೀ ಯಾರು?"

ಸುಲ್ತಾನಾ ಬಿಸಿ ತಗುಲಿದ ಹಾಗೆ ಕೈ ಎಳೆದುಕೊಂಡಳು. ಅಂಗೈಯ ಮೇಲೆ ಲಿಂಗ ಓಲಾಡಿತು. ಯಾರ ನೆರವೂ ಇಲ್ಲದೆ ಹಿಡಿಯಬೇಕೆಂದೇ ಇಷ್ಟು ದಿನ ಹಟ ಹಿಡಿದವಳು, ಒಬ್ಬಾಕಿನ, ಒಬ್ಬಾಕಿನ ಎಂದು ಹೊಲಿಗೆಯ ಮೇಲೆ ಹೊಲಿಗೆ ಬಿಚ್ಚಿಸಿದವಳು ಕೊಟ್ರಮ್ಮ. ಅವಳು ಬಲಗೈಯನ್ನು ಲಿಂಗಕ್ಕೆ ಆಸರೆಯಾಗಿ ತರಲಿಲ್ಲ.

"ಸುಲ್ತಾನಾ, ಎಲ್ಲಿ ಹೋತು ಕೈ? ಇಡು," ಎಂದಳು. ಸುಲ್ತಾನಾ ಕದಲಲಿಲ್ಲ. "ಇಡು ಅಂದೆ!"

ಕೈ ಮೆಲ್ಲಗೆ ಬಂದು ಕೆಳಗೆ ನಿಂತಿತು. ಆಗ ಕೊಟ್ರಮ್ಮ ತಲೆ ಎತ್ತಿದಳು. ನಾನು ಅವಳ ಎಷ್ಟೋ ಸಿಟ್ಟು ಕಂಡಿದ್ದೇನೆ. ಅಷ್ಟು ತಣ್ಣಗಿನ ಸಿಟ್ಟು ಕಂಡಿರಲಿಲ್ಲ.

"ಭಾವಾರ, ಈ ಅಂಗೈ ಹೊಲ್ದಾಕಿನ ಆಕಿ. ನೋಡಾಕ ಆಗಲಿಲ್ಲಂದ್ರ ಹೊರಗ ಕುಂದರ್ರಿ."

ಕೊಟ್ಟೂರಪ್ಪ ನನ್ನ ಕಡೆ ನೋಡಿದ. ನಾನು ಬಾಗಿಲು ತೋರಿಸಿದೆ. ಅವನು ಹೊರಗೆ ಹೋಗಿ, ಸುಲ್ತಾನಾ ದಿನವೂ ಕಾಯುತ್ತಿದ್ದ ಕಟ್ಟೆಯ ಮೇಲೆ ಕಾರ್ಡು ಹಿಡಿದು ಕೂತ. ಕೊಟ್ರಮ್ಮ ಪತ್ರಿ ಏರಿಸಿ ಅಂಗೈಗೆ ಕಣ್ಣು ನೆಟ್ಟಳು. ಮತ್ತೆ ಹುಬ್ಬು ಗಂಟಿಕ್ಕಿದಳು.

"ಲೇ, ಈಗ ನಡುಗಾಕತ್ತಿದ್ದು ನಿನ್ನ ಕೈ. ನೆಟ್ಟಗ ಹಿಡಿ."