ಅರಿಶಿನ ಹಚ್ಚಿದ ಇಪ್ಪತ್ತು ರೂಪಾಯಿ

ಶ್ರೀನಗರದ ಹಿಂಬದಿಯ ರಸ್ತೆಯಲ್ಲಿರುವ ಅಂಕಮ್ಮನ ಹಿಟ್ಟಿನ ಮಿಲ್ಲಿನಲ್ಲಿ ಬೆಳಿಗ್ಗೆ ಮೊದಲು ಬೀಸುವುದು ಕೂಸುಗಳ ರಾಗಿಯನ್ನು. ಗೋಧಿ, ಕಡಲೆಬೇಳೆ ಎಲ್ಲ ಆಮೇಲೆ. ಕಾರಿನಲ್ಲಿ ಬಂದು ಹಾರನ್ ಹೊಡೆದವರಿಗೂ ಇದೇ ಕಟ್ಟಳೆ.

ಇಂಚರ ಮೊದಲ ಸಲ ಅಲ್ಲಿಗೆ ಹೋದಾಗ ಅವಳ ಮಗ ನಚಿಕೇತನಿಗೆ ಆರು ತಿಂಗಳು. ಮೊಳಕೆ ಕಟ್ಟಿ, ಒಣಗಿಸಿ, ಹುರಿದ ರಾಗಿ ಡಬ್ಬಿಯಲ್ಲಿತ್ತು. ಮಗುವಿಗೆ ರಾಗಿ ಸರಿ ಮಾಡಿ ತಿನ್ನಿಸಲು ಶುರುಮಾಡಬೇಕಿತ್ತು. ಅದು ಒಗ್ಗದಿದ್ದರೆ, ಗಂಟಲಿಗೆ ಸಿಕ್ಕಿಕೊಂಡರೆ ಎಂದು ಹೆದರಿ ಅವಳು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳು.

“ಆಂಟಿ, ಇದ್ರಲ್ಲಿ ಮೆಣಸಿನಕಾಯಿ ಬೀಸ್ತೀರಾ?”

“ಅದಕ್ಕೆ ಬೇರೆ ಮಿಷನ್ ಕಣಮ್ಮ. ಅಗೋ, ಆ ಮೂಲೇಲಿ.”

“ಇದನ್ನ ದಿನಾ ತೊಳೀತೀರಾ?”

“ತೊಳೆದ್ರೆ ಹಿಟ್ಟು ಬರಲ್ಲ ಮೇಡಂ, ದೋಸೆ ಸಂಪಣ ಬರುತ್ತೆ,” ಎಂದ ಮಿಷನ್ನಿನ ಪಕ್ಕ ನಿಂತಿದ್ದ ರಾಮಯ್ಯ. ಅವನು ಅಂಕಮ್ಮನ ತಮ್ಮ.

“ನೀನು ಸುಮ್ನಿರೋ. ಹೆತ್ತೋಳು ಕೇಳ್ದೆ ಇನ್ಯಾರು ಕೇಳ್ತಾರೆ?”

ಅಂಕಮ್ಮ ತನ್ನ ಮೂಟೆಯಿಂದ ಎರಡು ಬೊಗಸೆ ರಾಗಿ ತೆಗೆದು ಮಿಷನ್ನಿಗೆ ಸುರಿದಳು. ಹಳೆಯ ಹಿಟ್ಟನ್ನೆಲ್ಲ ಹೊತ್ತು ಬಂದ ಆ ಪುಡಿಯನ್ನು ಹಸುವಿಗೆಂದು ಪಕ್ಕಕ್ಕಿಟ್ಟು, ಆಮೇಲೆ ಇಂಚರಳ ಡಬ್ಬಿಗೆ ಕೈ ಹಾಕಿದಳು. ಬೀಸಿದ್ದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಬದಲಿಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಇಪ್ಪತ್ತು ರೂಪಾಯಿಯ ಒಂದು ನೋಟನ್ನು ಮಗುವಿನ ಮುಷ್ಟಿಗೆ ತುರುಕಿದಳು.

“ಇದು ನಿಮಗಲ್ಲ. ಯಾರಾದ್ರೂ ಒದ್ದಾಡ್ತಿರೋದು ಕಂಡ್ರೆ ಇವನ ಕೈಯಿಂದ ಕೊಡ್ಸು. ಅವ್ರಿಗೂ ಹೇಳು, ನಿಮ್ಮ ಕೈಲಾದಾಗ ಇನ್ನೊಬ್ರಿಗೆ ಕೊಡಿ ಅಂತ.”

ಅಂಕಮ್ಮ ಹೊಸಕೆರೆಹಳ್ಳಿಯಲ್ಲಿ ಹುಟ್ಟಿ ಶ್ರೀನಗರಕ್ಕೆ ಸೊಸೆಯಾಗಿ ಬಂದವಳು. ಮಿಲ್ ಹಾಕಿದ ಗಂಡ ಮಗಳನ್ನು ಸ್ಕೂಲಿಗೆ ಸೇರಿಸುವ ಮೊದಲೇ ತೀರಿಕೊಂಡ. ಮಾರಿಬಿಡು ಎಂದರು ನೆಂಟರು. ಅವಳು ಬಾಗಿಲು ತೆರೆದಳು. ತೆರೆದ ದಿನವೇ ಬೆಲ್ಟ್ ಕಿತ್ತುಹೋಯಿತು. ಗೋಧಿ ಬೀಸಿಸಲು ಬಂದಿದ್ದ ಗುರುತಿಲ್ಲದ ಅಜ್ಜಿಯೊಬ್ಬರು ಹೊಸ ಬೆಲ್ಟಿಗೆಂದು ಕೈಲಿದ್ದುದನ್ನು ಕೊಟ್ಟು, “ನನಗೆ ವಾಪಸ್ ಬೇಡ, ನಿನ್ನಂಗೆ ಸಿಕ್ಕಿಹಾಕ್ಕೊಂಡೋರು ಕಂಡ್ರೆ ಅವ್ರಿಗೆ ಕೊಡು” ಎಂದು ಹೋದರಂತೆ. ಮತ್ತೆ ಆ ಕಡೆ ಬರಲಿಲ್ಲ. ಅಂದಿನಿಂದ, ಮೊದಲ ಸಲ ಸರಿಹಿಟ್ಟು ಬೀಸಿಸಲು ಬರುವ ಪ್ರತಿ ತಾಯಿಗೂ ಅಂಕಮ್ಮ ಒಂದು ನೋಟು ಕೊಡುತ್ತ ಬಂದಿದ್ದಳು. ಆ ನೋಟುಗಳು ಊರು ಸುತ್ತುತ್ತಿವೆ ಎಂಬುದೇ ಅವಳ ಹೆಮ್ಮೆ.

ಮನೆಗೆ ಬಂದ ನೋಟನ್ನು ಇಂಚರಳ ಅತ್ತೆ ಕಾತ್ಯಾಯಿನಿ ಕಣ್ಣಿಗೊತ್ತಿಕೊಂಡರು. “ಅರಿಶಿನದ ದುಡ್ಡು. ಇದನ್ನ ಖರ್ಚು ಮಾಡ್ತಾರಾ ಯಾರಾದ್ರೂ?” ನೋಟು ಲಕ್ಷ್ಮಿ ಪಟದ ಮುಂದೆ ಕೂತಿತು. ಆಮೇಲೆ ನಚಿಕೇತನಿಗೆ ಸರಿ ಒಗ್ಗಿತು. ನೆಗಡಿಯೂ ಹತ್ತಿರ ಸುಳಿಯಲಿಲ್ಲ. ಇಂಚರ ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೂ ದಿನಾ ಒಮ್ಮೆ ನೋಟು ಅಲ್ಲೇ ಇದೆಯೇ ಎಂದು ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಕುಂಕುಮಕ್ಕೆ ಬಂದ ಅಂಕಮ್ಮನ ಕಣ್ಣಿಗೆ ಅದು ಬಿತ್ತು.

“ನೀವು ಕೊಟ್ಟಿದ್ದೇ,” ಎಂದರು ಕಾತ್ಯಾಯಿನಿ ಅಭಿಮಾನದಿಂದ. “ಎದುರುಮನೆಯವ್ರೂ ಹೀಗೇ ಇಟ್ಟಿದಾರೆ. ಮಹಡಿಯವ್ರು ಬೀರೂಲಿ ಇಟ್ಟಿದಾರೆ. ನಿಮ್ಮ ಕೈಗುಣ ಅಂಥದ್ದು.”

ಅಂಕಮ್ಮ ತಾಂಬೂಲ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು. “ಹಂಗಾದ್ರೆ ಒಂದೂ ಆಚೆ ಹೋಗಿಲ್ಲ,” ಎಂದಳು. “ತಪ್ಪು ನಂದೇ. ಮಗೂಗೆ ಬರೀ ನೋಟು ಹೆಂಗೆ ಕೊಡೋದು ಅಂತ ನಾನೇ ಅರಿಶಿನ ಹಚ್ಚಿದೆ.” ಯಾರನ್ನೂ ದೂರಲಿಲ್ಲ. ಮಗುವಿನ ಕೆನ್ನೆ ಸವರಿ ಎದ್ದಳು. ಮೆಟ್ಟಿಲಿಳಿಯುವಾಗ ಅವಳು ಗೋಡೆ ಹಿಡಿದುಕೊಂಡದ್ದನ್ನು ಇಂಚರ ನೋಡಿದಳು. ಅಂದೇ ನೋಟನ್ನು ತೆಗೆದು ಪರ್ಸಿಗೆ ಹಾಕಿಕೊಂಡಳು.

ಹಾಕಿಕೊಂಡಳು ನಿಜ, ಕೊಡಲು ಕೈ ಬರಲಿಲ್ಲ. ಒಂಬತ್ತನೇ ತಿಂಗಳ ಇಂಜೆಕ್ಷನ್ ಹಾಕಿಸಿದ ದಿನ, ಮಗನನ್ನು ಎತ್ತಿಕೊಂಡೇ ಜ್ವರದ ಡ್ರಾಪ್ಸ್ ಕೊಳ್ಳಲು ಹನುಮಂತನಗರದ ಮೆಡಿಕಲ್ ಶಾಪಿಗೆ ಹೋದಳು. ಅವಳ ಮುಂದೆ ಮೊಮ್ಮಗಳನ್ನು ಸೊಂಟದಲ್ಲಿ ಹೊತ್ತ ಒಬ್ಬ ಹೆಂಗಸು ನಿಂತಿದ್ದಳು. ಅದೇ ಡ್ರಾಪ್ಸ್ ಬೇಕಿತ್ತು, ದುಡ್ಡು ಸಾಲದಾಗಿತ್ತು.

“ಇಪ್ಪತ್ತು ಕಮ್ಮಿ ಇದೆ, ತಗೊಂಡು ಬನ್ನಿ,” ಎಂದ ಅಂಗಡಿಯವನು.

“ಎಲ್ಲಿಂದ ತರ್ಲಿ ಯಪ್ಪಾ? ನನ ಮಗ ಸಂಜೀಗೆ ಬರ್ತಾನ. ಲಕ್ಕವ್ವ ಅಂತ ಹೆಸರ ಬರ್ಕೋ, ಕೊಟ್ಟ ಹೋಗ್ತೀನಿ.”

ಅಂಗಡಿಯವನು ಆಗಲ್ಲವೆಂದು ತಲೆಯಾಡಿಸಿದ.

ಇಂಚರ ಪರ್ಸಿಗೆ ಕೈ ಹಾಕಿ ತಡೆದಳು. ಇವತ್ತೇ ಯಾಕೆ? ಇವತ್ತು ನಚಿಕೇತನಿಗೆ ಜ್ವರ ಬರುವ ದಿನ. ಫೋನಿನಿಂದ ಕೊಟ್ಟುಬಿಟ್ಟರೆ ಆ ಹೆಂಗಸಿನ ಕೆಲಸವೂ ಆಗುತ್ತದೆ, ನೋಟೂ ಉಳಿಯುತ್ತದೆ. ಫೋನ್ ತೆಗೆದು ಸ್ಕ್ಯಾನರಿನ ಮುಂದೆ ಹಿಡಿದೂ ಆಯಿತು. ಗೋಡೆ ಹಿಡಿದು ಮೆಟ್ಟಿಲಿಳಿದ ಅಂಕಮ್ಮ ನೆನಪಾದಳು. ಫೋನನ್ನು ಬ್ಯಾಗಿಗೆ ಹಾಕಿ, ನೋಟನ್ನು ಮಗನ ಕೈಗಿಟ್ಟು, ಆ ಪುಟ್ಟ ಕೈಯನ್ನು ಲಕ್ಕವ್ವನತ್ತ ಚಾಚಿಸಿದಳು. ಹೇಳಬೇಕಾದ ಮಾತನ್ನೂ ಹೇಳಿದಳು.

ಲಕ್ಕವ್ವ ನೋಟನ್ನು ಹಣೆಗೊತ್ತಿಕೊಂಡು ಸೀದಾ ಸೀರೆಯ ಸೆರಗಿಗೆ ಗಂಟು ಹಾಕತೊಡಗಿದಳು.

“ಅಯ್ಯೋ, ಔಷಧಿಗೆ ಕೊಡಿ ಅಜ್ಜಿ.”

“ಅರಿಶಿನ ಹಚ್ಚಿದ್ದು ಐತೆವ್ವಾ. ಇದನ್ನ ಅಂಗಡ್ಯಾಗ ಹೆಂಗ ಕೊಡ್ಲಿ? ಪಾಪ ಬರ್ತೈತಿ.”

ಇಂಚರಳಿಗೆ ನಗು ಬಂತು, ಅಳುವೂ ಬಂತು. ಮಗುವಿನ ಬಾಯಿ ಒರೆಸುವ ಒದ್ದೆ ಟಿಶ್ಯೂ ತೆಗೆದು, ನೋಟಿನ ನಾಲ್ಕೂ ಮೂಲೆಗಳನ್ನು ತಿಕ್ಕಿ ತಿಕ್ಕಿ ಒರೆಸಿದಳು. ಹಳದಿಯೆಲ್ಲ ಟಿಶ್ಯೂಗೆ ಬಂದ ಮೇಲೆ, “ಈಗ ಬರೀ ದುಡ್ಡು ಅಜ್ಜಿ, ಕೊಡಿ” ಎಂದಳು. ಅಂಗಡಿಯವನು ಆ ಒದ್ದೆ ನೋಟನ್ನು ಫ್ಯಾನಿನ ಗಾಳಿಗೆ ಹಿಡಿದು, ಏನೂ ಕೇಳದೆ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ನಚಿಕೇತನಿಗೆ ಜ್ವರ ಬಂತು, ಮರುದಿನ ಇಳಿಯಿತು. ಇಂಚರ ಅವನನ್ನು ಎತ್ತಿಕೊಂಡು ಮಿಲ್ಲಿಗೆ ಹೋದಳು. ಗೋಧಿಯ ಡಬ್ಬಿಗಳು ಸಾಲುಗಟ್ಟಿದ್ದವು.

“ಆಂಟಿ, ಕೊಟ್ಟೆ,” ಎಂದಳು.

ಅಂಕಮ್ಮ ಅವಳ ಮುಖ ನೋಡಿದಳು. “ರಾಮಯ್ಯ, ಮಿಷನ್ ನಿಲ್ಸು.” ಸಾಲಿನಲ್ಲಿದ್ದವರು ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ, ಸ್ಟೂಲು ಎಳೆದು ಇಂಚರಳನ್ನು ಕೂರಿಸಿದಳು.

“ಹ್ಞೂ. ಮೊದ್ಲಿಂದ ಹೇಳು.”